ಫೋನು ಸತ್ತಾಗ ಮಾತಾಡುವ ಪೆಟ್ಟಿಗೆ

“ಅಜ್ಜಾ, ಹೊಳಿ ಬಂದಾಗ ಆಯಿ ಸತ್ತಾಳಂತ ಸುದ್ದಿ ಬಂದಿತ್ತಂತಲ್ಲ, ಖರೇನ?”

ಹೋದ ತಿಂಗಳು ಊಟಕ್ಕೆ ಕೂತಾಗ ಮೊಮ್ಮಗಳು ಹೀಗೆ ಕೇಳಿದಳು. ಎದುರಿಗೆ ನನ್ನ ತಂಗಿಯೇ ಕೂತು ರೊಟ್ಟಿ ಮುರಿಯುತ್ತಿದ್ದಳು. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಆ ರಾತ್ರಿಯ ನೆನಪು ಇಂದಿಗೂ ಹಾಗೆಯೇ ಇದೆ.

ಮಕ್ಕಳೇ, ನಾನು ಬನಹಟ್ಟಿಯವನು, ನಿವೃತ್ತ ಶಾಲಾ ಮಾಸ್ತರ. ತಂಗಿಯನ್ನು ಕೊಟ್ಟದ್ದು ಜಮಖಂಡಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಗೆ. 2019ರ ಆಗಸ್ಟ್ ತಿಂಗಳು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬೇಕು. ಮೇಲೆ ಘಟ್ಟದಲ್ಲಿ, ಮಹಾರಾಷ್ಟ್ರದ ಕಡೆ, ವಿಪರೀತ ಮಳೆ ಬಿತ್ತು. ಕೃಷ್ಣೆಯೂ ಏರಿದಳು, ಘಟಪ್ರಭೆಯೂ ಏರಿದಳು. ನಮ್ಮ ನಾಲ್ಕು ತಾಲೂಕುಗಳ ಕಥೆ ಈ ಎರಡು ನದಿಗಳದ್ದೇ. ರಬಕವಿ-ಬನಹಟ್ಟಿ, ಜಮಖಂಡಿಗಳ ಮಗ್ಗುಲಿಗೆ ಕೃಷ್ಣೆ, ಮುಧೋಳದ ಮಗ್ಗುಲಿಗೆ ಘಟಪ್ರಭೆ. ಎರಡೂ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡಿ ಆಲಮಟ್ಟಿಯ ಕಡೆ ಹರಿಯುತ್ತವೆ. ಎರಡಕ್ಕೂ ಒಮ್ಮೆಲೇ ಮಹಾಪೂರ ಬಂದರೆ ಊರಿಂದ ಊರಿಗೆ ಹೋಗುವ ಸೇತುವೆಗಳು ನೀರಿನಡಿ ಹೋಗುತ್ತವೆ. ಆ ವರ್ಷ ಹಾಗೇ ಆಯಿತು.

ತಂಗಿಯ ಊರಿಗೆ ಎರಡು ದಿನ ಫೋನು ಹತ್ತಲಿಲ್ಲ. ಒತ್ತಿ ಒತ್ತಿ ಬೆರಳು ನೋಯಿತು. ಮೂರನೆಯ ದಿನ ರಾತ್ರಿ ಒಂಬತ್ತಕ್ಕೆ ಪರಿಚಯದವರೊಬ್ಬರು ಬಾಗಿಲಿಗೆ ಬಂದು, ತಲೆ ತಗ್ಗಿಸಿ ಹೇಳಿದರು: “ಮಾಸ್ತರ, ನಿಮ್ಮ ತಂಗೀದು ಮುಗೀತಂತರಿ.”

ಮನೆಯಲ್ಲಿ ಒಲೆ ಹೊತ್ತಲಿಲ್ಲ. ನಮ್ಮ ಮನೆಯಾಕೆ ಗೋಡೆಗೆ ಒರಗಿ ಕೂತವಳು ಬೆಳಗಿನ ತನಕ ಏಳಲಿಲ್ಲ. ತೀರಿಕೊಂಡ ಮಗಳಿಗೆ ತವರಿನ ಸೀರೆ ಒಯ್ಯಬೇಕಲ್ಲ. ನೇಕಾರರ ಊರು ನಮ್ಮದು, ಸೀರೆಗೆ ಬರವೇ? ನಸುಕಿನಲ್ಲಿ ಪಕ್ಕದ ಮನೆಯ ಮಗ್ಗದಿಂದಲೇ ಒಂದು ಹೊಸ ಸೀರೆ ತಂದು ಚೀಲದಲ್ಲಿಟ್ಟೆ. ಮಗ ಮೋಟಾರ್ ಸೈಕಲ್ ತೆಗೆದ. ನೀರಿಲ್ಲದ ದಾರಿ ಹುಡುಕಿಕೊಂಡು, ಸುತ್ತು ಹಾಕಿ ಹಾಕಿ, ಮಧ್ಯಾಹ್ನದ ಹೊತ್ತಿಗೆ ಆ ಊರಿನವರನ್ನೆಲ್ಲ ಇರಿಸಿದ್ದ ಶಾಲೆಗೆ ಮುಟ್ಟಿದೆವು.

ಶಾಲೆಯ ಪಡಸಾಲೆಯಲ್ಲಿ ತಂಗಿ ಕೂತಿದ್ದಳು! ಮುಖ ಬಾಡಿತ್ತು, ಕೈಕಾಲು ನಡುಗುತ್ತಿದ್ದವು. ಆದರೂ ಕೂತಿದ್ದಳು. ನನ್ನನ್ನು ನೋಡಿದವಳೇ ಕೇಳಿದಳು: “ಅಣ್ಣಾ, ಗುಳಿಗಿ ತಂದೀಯೇನ?”

ನನ್ನ ಕೈಯಲ್ಲಿ ಸೀರೆ ಇತ್ತು. ಗುಳಿಗೆ ಇರಲಿಲ್ಲ.

ಒಂದು ಮಾತು ದಾರಿಯಲ್ಲಿ ಸವೆದದ್ದು ಹೇಗೆ?

ಆಮೇಲೆ ಕೂತು ಎಳೆ ಬಿಡಿಸಿದೆವು. ತಂಗಿಗೆ ಸಕ್ಕರೆ ಕಾಯಿಲೆ. ಮೊದಲ ದಿನವೇ ಅವಳು ಗಂಜಿ ಕೇಂದ್ರಕ್ಕೆ ಸುರಕ್ಷಿತವಾಗಿ ಬಂದಿದ್ದಳು. ಗುಳಿಗೆ ಮಾತ್ರ ಮುಗಿದಿದ್ದವು. ಹಾಲಿನ ಕ್ಯಾನು ಒಯ್ಯುವ ಹುಡುಗನಿಗೆ, “ಬನಹಟ್ಟಿ ಮಾಸ್ತರಗ ಹೇಳಪಾ, ತಂಗೀದು ಗುಳಿಗಿ ಮುಗದಾವಂತ” ಎಂದು ಹೇಳಿ ಕಳಿಸಿದಳು. ಹುಡುಗ ಟ್ರ್ಯಾಕ್ಟರಿನವನಿಗೆ ಹೇಳಿದ. ಟ್ರ್ಯಾಕ್ಟರಿನವನು ಜಮಖಂಡಿಯಲ್ಲಿ ಇನ್ನೊಬ್ಬರಿಗೆ ಹೇಳಿದ. ಅಲ್ಲಿಂದ ಬನಹಟ್ಟಿಯ ಒಂದು ಅಂಗಡಿಗೆ, ಅಂಗಡಿಯಿಂದ ನಮ್ಮ ಬಾಗಿಲಿಗೆ. ಐದು ಬಾಯಿ ದಾಟುವಷ್ಟರಲ್ಲಿ ‘ಗುಳಿಗಿ’ ಬಿದ್ದುಹೋಯಿತು, ‘ಮುಗೀತು’ ಉಳಿಯಿತು.

ಇದರಲ್ಲಿ ಯಾರ ತಪ್ಪು? ಯಾರದ್ದೂ ಅಲ್ಲ. ಎಲ್ಲರೂ ಉಪಕಾರ ಮಾಡಲು ಹೊರಟವರೇ. ಪೊಲೀಸರ ವೈರ್‌ಲೆಸ್ ಇತ್ತು, ಅಗ್ನಿಶಾಮಕ ದಳದವರಿದ್ದರು, ಎನ್‌ಡಿಆರ್‌ಎಫ್‌ನವರು ಮತ್ತು ಸೈನಿಕರು ಉತ್ತರ ಕರ್ನಾಟಕಕ್ಕೆ ಬಂದಿದ್ದರು. ಆದರೆ ಅವರ ವೈರ್‌ಲೆಸ್‌ನಲ್ಲಿ ‘ಎಲ್ಲಿ ದೋಣಿ ಬೇಕು, ಎಲ್ಲಿ ಮಾಳಿಗೆ ಮೇಲೆ ಮಂದಿ ಸಿಕ್ಕಿಬಿದ್ದಾರೆ’ ಎಂಬ ಮಾತುಗಳೇ ಒಂದರ ಮೇಲೊಂದು ಬರುತ್ತಿರುತ್ತವೆ. ಒಬ್ಬ ಅಜ್ಜಿಯ ಗುಳಿಗೆಯ ಸುದ್ದಿಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಆ ದಿನ ಮಗ ಜಮಖಂಡಿಗೆ ಓಡಿ ಗುಳಿಗೆ ತಂದ. ತಂಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಎದ್ದಳು. ಇನ್ನೊಂದು ದಿನ ತಡವಾಗಿದ್ದರೆ ಸುಳ್ಳು ಸುದ್ದಿ ಖರೆಯಾಗುತ್ತಿತ್ತು ಎಂದು ವೈದ್ಯರು ಹೇಳಿದಾಗ ನನ್ನ ಎದೆ ಧಸಕ್ಕೆಂದಿತು.

ತೆಂಗಿನ ಮರಕ್ಕೆ ಕಟ್ಟಿದ ತಂತಿ

ಇದಾದ ಮೇಲೆ ಒಮ್ಮೆ ಬೆಂಗಳೂರಿನಲ್ಲಿ ಹಿರಿಯ ಮಗನ ಮನೆಗೆ ಹೋಗಿದ್ದೆ. ಬೆಳಿಗ್ಗೆ ತಿರುಗಾಡಲು ಹೊರಟಾಗ ಒಂದು ಮನೆಯ ಮಾಳಿಗೆಯಿಂದ ಎದುರಿನ ತೆಂಗಿನ ಮರಕ್ಕೆ ಉದ್ದನೆಯ ತಂತಿ ಕಟ್ಟಿದ್ದು ಕಂಡಿತು. ಬಟ್ಟೆ ಒಣಹಾಕುವ ಹಗ್ಗವಲ್ಲ, ಕರೆಂಟಿನ ತಂತಿಯೂ ಅಲ್ಲ. ಮಾಸ್ತರಿಕೆಯ ಚಟ ಬಿಡುವುದಿಲ್ಲವಲ್ಲ, ಗೇಟಿನ ಬಳಿ ನಿಂತಿದ್ದ ಯಜಮಾನರನ್ನು ಕೇಳಿಯೇ ಬಿಟ್ಟೆ. ಅವರು ನಕ್ಕು ಒಳಗೆ ಕರೆದರು.

ಮೇಜಿನ ಮೇಲೆ ಒಂದು ಪೆಟ್ಟಿಗೆ. ಪಕ್ಕದಲ್ಲಿ ಕಾರಿನ ಬ್ಯಾಟರಿ. ಅವರು ಮೈಕಿನ ಗುಂಡಿ ಒತ್ತಿ ತಮ್ಮ ಕರೆಸಂಕೇತ ಹೇಳಿದರು, ಗುಂಡಿ ಬಿಟ್ಟರು. ಚಣಹೊತ್ತಿನಲ್ಲಿ ಸೊರ್ರೆಂಬ ಸದ್ದಿನ ನಡುವೆ ನೂರಾರು ಕಿಲೋಮೀಟರ್ ದೂರದಿಂದ ಒಬ್ಬರ ದನಿ ಬಂತು. ಟವರ್ ಇಲ್ಲ, ಸಿಮ್ ಇಲ್ಲ, ರೀಚಾರ್ಜ್ ಇಲ್ಲ, ಇಂಟರ್‌ನೆಟ್ ಇಲ್ಲ. ಒಂದು ಪೆಟ್ಟಿಗೆ, ಒಂದು ಬ್ಯಾಟರಿ, ಒಂದು ತಂತಿ ಅಷ್ಟೇ.

ಇದಕ್ಕೆ ಹವ್ಯಾಸಿ ರೇಡಿಯೊ ಅಥವಾ ಹ್ಯಾಮ್ ರೇಡಿಯೊ ಎನ್ನುತ್ತಾರೆ. ಇದನ್ನು ನಡೆಸುವವರನ್ನು ‘ಹ್ಯಾಮ್’ ಎಂದೇ ಕರೆಯುತ್ತಾರೆ. ಇವರು ಇದರಿಂದ ಒಂದು ಪೈಸೆ ಗಳಿಸುವಂತಿಲ್ಲ. ವ್ಯಾಪಾರದ ಮಾತು, ರಾಜಕೀಯದ ಮಾತು ಆಡುವಂತಿಲ್ಲ. ಗುಟ್ಟಿನ ಭಾಷೆ ಬಳಸುವಂತಿಲ್ಲ. ಕಲಿಯುವುದು, ಗೆಳೆತನ ಬೆಳೆಸುವುದು, ಕಷ್ಟಕಾಲದಲ್ಲಿ ಸರಕಾರಕ್ಕೂ ಜನರಿಗೂ ಒದಗುವುದು. ಇದೇ ಅವರ ಹವ್ಯಾಸ.

ಅವರಲ್ಲಿ ಒಂದು ತಮಾಷೆಯ ರೂಢಿಯಿದೆ. ಗಂಡಸು ಹನ್ನೆರಡು ವರ್ಷದವನಾದರೂ ಅವನನ್ನು ‘ಓಲ್ಡ್ ಮ್ಯಾನ್’ ಎನ್ನುತ್ತಾರೆ, ಅಂದರೆ ಮುದುಕ. ಹೆಂಗಸು ಎಂಬತ್ತರ ಅಜ್ಜಿಯಾದರೂ ‘ಯಂಗ್ ಲೇಡಿ’, ಅಂದರೆ ತರುಣಿ! ಊರಿಗೆ ಬಂದು ಇದನ್ನು ಹೇಳಿದಾಗ ನಮ್ಮ ಮನೆಯಾಕೆ, “ಹಂಗಾದ್ರ ನನ್ನ ಹೆಸರ ಮೊದಲ ಬರಸ್ರಿ” ಎಂದಳು.

ಮಾತು ಅಷ್ಟು ದೂರ ಹೋಗುವುದು ಹೇಗೆ?

ಮೊದಲು ನಮ್ಮ ಮೊಬೈಲ್ ಯಾಕೆ ಸಾಯುತ್ತದೆ ನೋಡೋಣ. ನಿಮ್ಮ ಫೋನಿನ ದನಿ ನೇರವಾಗಿ ಇನ್ನೊಂದು ಫೋನಿಗೆ ಹೋಗುವುದಿಲ್ಲ. ಹತ್ತಿರದ ಟವರಿಗೆ ಹೋಗಿ, ಅಲ್ಲಿಂದ ನೆಲದೊಳಗಿನ ಕೇಬಲ್ಲಿನಲ್ಲೋ ಬೇರೆ ಟವರುಗಳ ಮೂಲಕವೋ ಸಾಗಿ, ಕೊನೆಗೆ ಆ ಕಡೆಯ ಟವರಿನಿಂದ ಇಳಿಯುತ್ತದೆ. ಕರೆಂಟ್ ಹೋದರೆ ಟವರ್ ಕೆಲವು ತಾಸು ಬ್ಯಾಟರಿಯ ಮೇಲೆ, ಆಮೇಲೆ ಡೀಸೆಲ್ ಜನರೇಟರಿನ ಮೇಲೆ ನಡೆಯುತ್ತದೆ. ರಸ್ತೆ ಮುಳುಗಿದಾಗ ಡೀಸೆಲ್ ಒಯ್ಯುವವರಾರು? ಸೇತುವೆಯ ಜೊತೆ ಕೇಬಲ್ಲೂ ಹರಿದರೆ? ಇದೆಲ್ಲ ಸರಿಯಿದ್ದರೂ, ಊರಿಗೆ ಊರೇ ಒಮ್ಮೆಲೇ ಫೋನ್ ಒತ್ತಿದರೆ ದಾರಿ ಕಟ್ಟಿಕೊಳ್ಳುತ್ತದೆ, ಜಾತ್ರೆಯ ದಿನದ ಓಣಿಯ ಹಾಗೆ.

ಹ್ಯಾಮ್ ರೇಡಿಯೊದಲ್ಲಿ ನಡುವೆ ಯಾರೂ ಇಲ್ಲ. ನನ್ನ ಪೆಟ್ಟಿಗೆಯಿಂದ ನಿಮ್ಮ ಪೆಟ್ಟಿಗೆಗೆ ನೇರ ಮಾತು. ಇದರಲ್ಲಿ ಎರಡು ಬಗೆ.

ಒಂದು, ಹತ್ತಿರದ ಮಾತಿಗೆ. ಅಂಗೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು, ಸುಮಾರು 5 ವ್ಯಾಟ್ ಶಕ್ತಿ. ಮನೆಯ ಸಣ್ಣ ಎಲ್‌ಇಡಿ ಬಲ್ಬಿನಷ್ಟು! ಭಾರತದಲ್ಲಿ ಇದಕ್ಕೆ 144ರಿಂದ 146 ಮೆಗಾಹರ್ಟ್ಸ್ ಪಟ್ಟಿ ಕೊಟ್ಟಿದ್ದಾರೆ. ಈ ಅಲೆ ನೆಟ್ಟಗೆ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಹಾಗಾಗಿ ಗುಡ್ಡದ ತುದಿಯಲ್ಲಿ ‘ರಿಪೀಟರ್’ ಎಂಬ ಯಂತ್ರ ಇಡುತ್ತಾರೆ. ಅದು ಕೆಳಗಿನ ಸಣ್ಣ ದನಿಯನ್ನು ಹಿಡಿದು ಜೋರಾಗಿ ಮತ್ತೆ ಬಿಡುತ್ತದೆ. ಹೊಲದ ಈ ತುದಿಯವನ ಕೂಗನ್ನು ಮಂಚಿಗೆಯ ಮೇಲೆ ನಿಂತವನು ಕೇಳಿ ಆ ತುದಿಗೆ ಕೂಗುವ ಹಾಗೆ.

ಇನ್ನೊಂದು, ದೂರದ ಮಾತಿಗೆ. ಭೂಮಿಯ ಮೇಲೆ ಬಹಳ ಎತ್ತರದಲ್ಲಿ, ಸೂರ್ಯನ ಕಿರಣದಿಂದ ವಿದ್ಯುದಾವೇಶ ಪಡೆದ ಗಾಳಿಯ ಪದರವಿದೆ. ಅದಕ್ಕೆ ಅಯಾನುಗೋಳ ಎನ್ನುತ್ತಾರೆ. 7 ಮೆಗಾಹರ್ಟ್ಸ್‌ನಂಥ ಅಲೆಗಳು ಅಲ್ಲಿ ಬಾಗಿ ಕೆಳಗೆ ಮರಳುತ್ತವೆ, ಗೋಡೆಗೆ ಎಸೆದ ಚೆಂಡಿನ ಹಾಗೆ. ಗುಡ್ಡ, ಹೊಳೆ ಯಾವುದೂ ಅಡ್ಡವಾಗುವುದಿಲ್ಲ. ಇಲ್ಲೊಂದು ಲೆಕ್ಕ ಮಾಡಿ ನೋಡಿ, ಮಕ್ಕಳೇ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 300 ಭಾಗಿಸು 7, ಸುಮಾರು 43 ಮೀಟರ್. ಅದರ ಅರ್ಧದಷ್ಟು, ಅಂದರೆ ಇಪ್ಪತ್ತು ಮೀಟರಿನ ಆಸುಪಾಸಿನ ತಂತಿ ಕಟ್ಟಿದರೆ ಆಂಟೆನಾ ಸಿದ್ಧ. ಆ ತೆಂಗಿನ ಮರದ ತಂತಿಯ ಗುಟ್ಟು ಇಷ್ಟೇ.

ಹಿರಿಯರೇ, ನಮ್ಮ ಕಾಲದಲ್ಲಿ ಅಂಚೆ ಕಚೇರಿಯ ‘ಕಟ್ಟ ಕಡ’ ಸದ್ದು ನೆನಪಿದೆಯೇ? ತಂತಿ ಬಂತೆಂದರೆ ಓದುವ ಮೊದಲೇ ಅಳು ಶುರುವಾಗುತ್ತಿತ್ತು. ನಮ್ಮ ದೇಶದಲ್ಲಿ ಆ ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಆದರೆ ಅದರ ಮೋರ್ಸ್ ಲಿಪಿ ಹ್ಯಾಮ್‌ಗಳ ಮನೆಯಲ್ಲಿ ಇನ್ನೂ ಜೀವಂತವಾಗಿದೆ. ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ ಎಂದರೆ ಎಸ್‌ಒಎಸ್, ‘ಕಾಪಾಡಿ’ ಎಂಬ ಕೂಗು. ಮಾತು ಕೇಳಿಸದಷ್ಟು ಸದ್ದಿನಲ್ಲೂ ಈ ಟಿಕ್ ಟಿಕ್ ಕೇಳಿಸುತ್ತದೆ.

ಅಂಡಮಾನಿನ ಆ ಬೆಳಗು

ಹವ್ಯಾಸ ಹೇಗೆ ಆಪತ್ತಿಗೆ ಒದಗುತ್ತದೆ ಎಂಬುದಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡ ಅದು. ಅಂಡಮಾನಿನಲ್ಲಿ ಹಲವು ವರ್ಷಗಳಿಂದ ಹ್ಯಾಮ್‌ಗಳ ದನಿಯೇ ಇರಲಿಲ್ಲ. ಹಾಗಾಗಿ ಅವರ ಕರೆ ಕೇಳಲು ಜಗತ್ತಿನ ಹವ್ಯಾಸಿಗಳೆಲ್ಲ ಕಿವಿ ತೆರೆದು ಕೂತಿದ್ದರು. ಅದು ಹಬ್ಬದಂಥ ಸಂಭ್ರಮ.

ಡಿಸೆಂಬರ್ 26ರ ಮುಂಜಾನೆ ನೆಲ ನಡುಗಿತು. ಹಿಂದೆಯೇ ಸುನಾಮಿ ಬಂತು. ಫೋನುಗಳು ಸತ್ತವು. ಹಬ್ಬಕ್ಕೆಂದು ಒಯ್ದ ರೇಡಿಯೊ ಆ ಗಳಿಗೆಯಿಂದ ಆಪತ್ತಿನ ರೇಡಿಯೊ ಆಯಿತು. ಭಾರತಿ ಮತ್ತು ಅವರ ಸಂಗಡಿಗರು ಹಗಲು ರಾತ್ರಿ ಕೂತು, ಯಾರು ಎಲ್ಲಿದ್ದಾರೆ, ಕ್ಷೇಮವೇ ಎಂಬ ಸುದ್ದಿಗಳನ್ನು ದೇಶದ ನೆಲಕ್ಕೆ ಮುಟ್ಟಿಸಿದರು. ‘ನಿಮ್ಮವರು ಬದುಕಿದ್ದಾರೆ’ ಎಂಬ ಎರಡೇ ಪದಕ್ಕೆ ಎಷ್ಟು ತೂಕವಿದೆ ಎಂಬುದು ಆ ರಾತ್ರಿ ಕಳೆದ ನನಗೆ ಗೊತ್ತು.

2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪವಾದಾಗಲೂ ಹ್ಯಾಮ್‌ಗಳು ತಮ್ಮ ಸೆಟ್ಟು, ಬ್ಯಾಟರಿ ಹೊತ್ತು ಹೋಗಿ ಪರಿಹಾರದ ಕೆಲಸಕ್ಕೆ ದನಿಯಾಗಿದ್ದರು. ನಮ್ಮ ಬೆಂಗಳೂರು ಈ ಹವ್ಯಾಸದ ಹಳೆಯ ಮನೆಗಳಲ್ಲಿ ಒಂದು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಅಲ್ಲಿದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಅಲ್ಲಿ ಪಾಠ ಹೇಳುತ್ತದೆ. 2005ರ ಮೇ 5ರಂದು ಇಸ್ರೊ ಸಂಸ್ಥೆಯು ಹ್ಯಾಮ್‌ಗಳಿಗೆಂದೇ ‘ಹ್ಯಾಮ್‌ಸ್ಯಾಟ್’ ಎಂಬ ಸಣ್ಣ ಉಪಗ್ರಹವನ್ನು ಹಾರಿಸಿತು. 42 ಕಿಲೋ ಚಿಲ್ಲರೆ ತೂಕದ ಆ ಪೆಟ್ಟಿಗೆ ಒಂಬತ್ತು ವರ್ಷ ಆಕಾಶದಲ್ಲಿದ್ದುಕೊಂಡು ಜಗತ್ತಿನ ಹವ್ಯಾಸಿಗಳ ಮಾತು ದಾಟಿಸಿತು.

ನಮ್ಮ ಹೊಳೆಸಾಲಿನಲ್ಲಿ

ಈಗ ಕಣ್ಣು ಮುಚ್ಚಿ ಊಹಿಸಿ. ಮತ್ತೆ ಮಹಾಪೂರ ಬಂದಿದೆ. ಜಮಖಂಡಿಯಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿಯ ಒಂದು ಮೂಲೆಯಲ್ಲಿ ಒಬ್ಬ ಹ್ಯಾಮ್ ಕೂತಿದ್ದಾರೆ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತಹಶೀಲ್ದಾರರ ಕಚೇರಿಗಳಲ್ಲಿ ಒಬ್ಬೊಬ್ಬರು. ಒಂದೊಂದು ಕಾಳಜಿ ಕೇಂದ್ರದಲ್ಲಿ ಕೈ ಸೆಟ್ಟು ಹಿಡಿದ ಒಬ್ಬೊಬ್ಬ ಸ್ವಯಂಸೇವಕ. ಜಮಖಂಡಿಯವರು ಸೂತ್ರಧಾರ. ಅವರು ಹೆಸರು ಕರೆದವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ. ಇದಕ್ಕೆ ‘ನೆಟ್’ ಎನ್ನುತ್ತಾರೆ. ಪ್ರಾಣದ ಸುದ್ದಿಯಿದ್ದರೆ ಮಾತ್ರ ನಡುವೆ ಬಾಯಿ ಹಾಕಬಹುದು.

ಹ್ಯಾಮ್ ತಾನಾಗಿ ದೋಣಿ ತೆಗೆದುಕೊಂಡು ನೀರಿಗೆ ಇಳಿಯುವುದಿಲ್ಲ. ಅಧಿಕಾರಿಗಳು ಕರೆದಲ್ಲಿ ಹೋಗಿ, ಅವರ ಮಾತನ್ನು ಇದ್ದದ್ದು ಇದ್ದ ಹಾಗೆ ಮುಟ್ಟಿಸುತ್ತಾನೆ. ಅದೇ ದೊಡ್ಡ ಕೆಲಸ. ಸಂದೇಶವನ್ನು ಮೊದಲು ಬರೆಯಬೇಕು: ಯಾರಿಂದ, ಯಾರಿಗೆ, ಎಷ್ಟು ಗಂಟೆಗೆ, ಯಾವ ಊರು, ಎಷ್ಟು ಮಂದಿ, ಏನು ಬೇಕು. ಆಮೇಲೆ ಓದಬೇಕು. ಕೇಳಿದವರು ಬರೆದುಕೊಂಡು ತಿರುಗಿ ಓದಬೇಕು. ಸರಿಯಿದೆ ಎಂದ ಮೇಲೆಯೇ ಅದು ಮುಟ್ಟಿದ ಹಾಗೆ.

ಊರ ಹೆಸರಿನಲ್ಲಿ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಹಿರೇಪಡಸಲಗಿಯೂ ಇದೆ, ಚಿಕ್ಕಪಡಸಲಗಿಯೂ ಇದೆ. ಸದ್ದಿನ ನಡುವೆ ‘ಪಡಸಲಗಿ’ ಅಷ್ಟೇ ಕೇಳಿಸಿದರೆ ದೋಣಿ ಎಲ್ಲಿಗೆ ಹೋಗಬೇಕು? ಅದಕ್ಕೇ ಹ್ಯಾಮ್‌ಗಳು ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ಪದ ಇಟ್ಟುಕೊಂಡಿದ್ದಾರೆ. ಬೀಳಗಿಯನ್ನು ಬಿಡಿಸಿ ಹೇಳುವುದು ಹೀಗೆ: ಬ್ರಾವೊ, ಇಂಡಿಯಾ, ಲಿಮಾ, ಆಲ್ಫಾ, ಗಾಲ್ಫ್, ಇಂಡಿಯಾ. ನಿಮ್ಮ ಹೆಸರನ್ನೂ ಹೀಗೆ ಹೇಳಲು ಕಲಿಯಿರಿ, ಮಜಾ ಇದೆ.

ನಮ್ಮ ನೆಲಕ್ಕೆ ಇದೇನು ಹೊಸ ಬುದ್ಧಿಯಲ್ಲ. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಕಟ್ಟಿದ ಶ್ರಮಬಿಂದು ಸಾಗರವನ್ನು ನೋಡಿದ್ದೀರಾ? 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈ ಬಗ್ಗಿಸಿ ಕಟ್ಟಿದ ಬ್ಯಾರೇಜು ಅದು. ಬೇಸಿಗೆಯಲ್ಲಿ ನೀರಿಲ್ಲದಾಗ ನಮ್ಮವರು ಕೈ ಕಟ್ಟಿ ಕೂಡಲಿಲ್ಲ. ಮಳೆಗಾಲದಲ್ಲಿ ನೀರು ಹೆಚ್ಚಾದಾಗ ಮಾತ್ರ ಯಾಕೆ ಕೈ ಕಟ್ಟಿ ಕೂಡಬೇಕು?

ಹನ್ನೆರಡು ತುಂಬಿದರೆ ಸಾಕು

ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಯಾರೂ ಹ್ಯಾಮ್ ಪರೀಕ್ಷೆಗೆ ಕೂಡಬಹುದು. ಮೇಲಿನ ವಯಸ್ಸಿಗೆ ಮಿತಿಯಿಲ್ಲ, ಅಜ್ಜ ಅಜ್ಜಿಯರೂ ಕೂಡಬಹುದು. ಪರೀಕ್ಷೆ ನಡೆಸುವುದು ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ. ಎರಡು ದರ್ಜೆಗಳಿವೆ. ಕೆಳಗಿನ ದರ್ಜೆಗೆ ಸರಳ ವಿದ್ಯುತ್ ಪಾಠ ಮತ್ತು ನಿಯಮಗಳು. ಮೇಲಿನ ದರ್ಜೆಗೆ ಅವುಗಳ ಜೊತೆ ಮೋರ್ಸ್ ಲಿಪಿಯೂ ಬೇಕು. ಪಾಸಾದರೆ ‘ವಿಯು’ ಎಂದು ಶುರುವಾಗುವ ಕರೆಸಂಕೇತ ಸಿಗುತ್ತದೆ. ಜಗತ್ತಿನಲ್ಲಿ ಅದು ನಿಮ್ಮೊಬ್ಬರಿಗೇ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು. ಅವರ ಸಂಕೇತ ವಿಯು2ಆರ್‌ಜಿ.

ಒಂದು ಎಚ್ಚರಿಕೆ. ಲೈಸೆನ್ಸ್ ಇಲ್ಲದೆ ಸೆಟ್ಟು ಕೊಂಡು ಮಾತಾಡುವುದು ಅಪರಾಧ. ಅದು ಪೊಲೀಸರ, ವಿಮಾನಗಳ ಮಾತಿಗೆ ಅಡ್ಡಿಯಾಗಬಹುದು. ನಮ್ಮ ಕಾಲದಲ್ಲಿ ಧಾರವಾಡ ಆಕಾಶವಾಣಿ ಕೇಳುವ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಈಗ ಕೇಳಲು ಬೇಡ, ಮಾತಾಡಲು ಬೇಕು.

ಲೈಸೆನ್ಸ್ ಬರುವ ತನಕ ಏನು ಮಾಡುವುದು? ನಮ್ಮ ಓಣಿಯ ಮಕ್ಕಳಿಗೆ ಒಂದು ಆಟ ಹೇಳಿಕೊಟ್ಟಿದ್ದೇನೆ, ನೀವೂ ಆಡಿ. ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೊದಲಿನವನ ಕಿವಿಯಲ್ಲಿ ಹೇಳಿದೆ: “ಹಿರೇಪಡಸಲಗಿ ಸಾಲ್ಯಾಗ ಹದಿನಾಕು ಮಂದಿ ಅದಾರ. ಇಬ್ಬರು ಕೂಸುಗಳಿಗೆ ಹಾಲಿನ ಪುಡಿ ಬೇಕು.” ಹತ್ತನೆಯ ಹುಡುಗಿ ಕೂಗಿದಳು: “ಪಡಸಲಗ್ಯಾಗ ನಲವತ್ತು ಮಂದಿ ಹಾಲು ಕುಡದಾರಂತ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ಎರಡನೆಯ ಸಲ ಎಲ್ಲರ ಕೈಗೂ ಚೀಟಿ, ಪೆನ್ಸಿಲು ಕೊಟ್ಟೆ. ಬರೆದುಕೋ, ತಿರುಗಿ ಓದು, ಸರಿಯಾದರೆ ಮುಂದಕ್ಕೆ ದಾಟಿಸು ಎಂದೆ. ಹೊತ್ತು ಹೆಚ್ಚು ಹಿಡಿಯಿತು. ಆದರೆ ಹಿರೇಪಡಸಲಗಿ ಹಿರೇಪಡಸಲಗಿಯಾಗಿಯೇ ಮುಟ್ಟಿತು. ಹದಿನಾಲ್ಕು ಹದಿನಾಲ್ಕಾಗಿಯೇ ಉಳಿಯಿತು.

ನಿಮ್ಮ ಮನೆಯಲ್ಲೂ ಈ ಮಳೆಗಾಲದ ಮೊದಲು ಒಂದು ಚೀಟಿ ಬರೆದಿಡಿ. ಮನೆಯವರ ಹೆಸರು, ಯಾರಿಗೆ ಯಾವ ಗುಳಿಗೆ, ಯಾರಿಗೆ ಸುದ್ದಿ ಮುಟ್ಟಿಸಬೇಕು, ಎಲ್ಲ ಅದರಲ್ಲಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಜ್ಜಿಯ ಚಂಚಿಯಲ್ಲಿಡಿ. ಸಹಾಯಕ್ಕೆ 112 ಅಥವಾ ಜಿಲ್ಲಾ ಸಹಾಯವಾಣಿ 1077 ಎಂಬುದನ್ನು ಬಾಯಿಪಾಠ ಮಾಡಿ. ಇದಕ್ಕೆ ಲೈಸೆನ್ಸ್ ಬೇಕಿಲ್ಲ.

ನನ್ನ ಮೊಮ್ಮಗಳಿಗೆ ಈ ದೀಪಾವಳಿಗೆ ಹನ್ನೆರಡು ತುಂಬುತ್ತದೆ. ಗೋಡೆಗೆ ಮೋರ್ಸ್ ಲಿಪಿಯ ಪಟ್ಟಿ ಅಂಟಿಸಿಕೊಂಡಿದ್ದಾಳೆ. ಊಟಕ್ಕೆ ಕೂತರೆ ಚಮಚದಿಂದ ತಾಟಿಗೆ ಟಿಕ್ ಟಿಕ್ ಬಡಿಯುತ್ತಾಳೆ. ಅಂದು ಊಟದ ಹೊತ್ತಿಗೆ ಅವಳ ಪ್ರಶ್ನೆಗೆ ನನ್ನ ತಂಗಿಯೇ ಉತ್ತರ ಕೊಟ್ಟಳು:

“ಖರೇನ ಐತಿ ನನ್ನವ್ವಾ. ನಿಮ್ಮ ಅಜ್ಜ ನನಗ ಅಂತ ಸೀರಿ ತಂದಿದ್ದ. ಇಕಾ, ಇದ ನೋಡು.” ಉಟ್ಟಿದ್ದ ಸೀರೆಯ ಸೆರಗನ್ನು ಎತ್ತಿ ತೋರಿಸಿದಳು. ಆರು ವರ್ಷ ಉಟ್ಟು ಅದರ ಅಂಚು ಸವೆದಿದೆ.

“ಮುಂದಿನ ಸರ್ತಿ ಹೊಳಿ ಬಂದ್ರ,” ಮೊಮ್ಮಗಳು ಹೇಳಿದಳು, “ಆಯಿ, ನೀ ನನಗ ಹೇಳು. ನಾ ಬರಕೊಂಡು, ತಿರುಗಿ ಓದಿ ಹೇಳ್ತೀನಿ.”